ಇಸ್ರಾಯೇಲ್ಯರ ಅರಣ್ಯಯಾತ್ರೆ: ಚರಿತ್ರಾಂಶವೂ ತಾತ್ಪರ್ಯವೂ

೧. ಗ್ರಂಥನಾಮ

ಹೀಬ್ರೂ ಜನಾಂಗದ ಧರ್ಮಗ್ರಂಥಗಳಲ್ಲಿ ಮೊದಲಿನ ಐದಕ್ಕೆ ಕನ್ನಡ ಬೈಬಲ್ಲಿನಲ್ಲಿ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂಬ ಹೆಸರುಗಳು ರೂಢವಾಗಿವೆ. ನಾಲ್ಕನೆಯ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ರಾಮಾಯಣದ ಸ್ಮರಣೆಯುಂಟಾಗುವುದು ಸಹಜ. ಆದರೆ ಈ ಹೆಸರು ಮೂಲಕ್ಕೆ ದೂರವಾದುದಲ್ಲ. ಗ್ರೀಕ್ ಭಾಷಾಂತರಕಾರರು ಆ ಗ್ರಂಥದಲ್ಲಿ ಎರಡು ಜನಗಣನೆಗಳಿರುವುದನ್ನು ನೋಡಿ ಅದಕ್ಕೆ ‘ಸಂಖ್ಯೆಗಳು’ ಎಂದು ಹೆಸರಿಟ್ಟರು; ಯೂರೋಪಿನ ಭಾಷೆಗಳು ಬಹುಮಟ್ಟಿಗೆ ಅದನ್ನೇ ಅನುಸರಿಸಿದವು. ಹೀಬ್ರೂ ಜನರಾದರೋ ಅದನ್ನು ‘ಬೆಮಿದ್ಬಾರ್’ ಎಂದು ಕರೆಯುವರು. ‘ಮಿದ್ಬಾರಿನಲ್ಲಿ’ ಎಂದು ಇದರ ಅರ್ಥ. ಗ್ರಂಥದ ಮೊದಲನೆಯ ವಾಕ್ಯದಲ್ಲಿಯೇ ಈ ಶಬ್ದವು ಬಂದಿದೆ. ಮಿದ್ಬಾರ್ ಎಂದರೆ ಬರಿಯ ಮರಳುಗಾಡಲ್ಲ. ಉಳುಮೆಯಿಲ್ಲದ, ಊರಿಲ್ಲದ, ಮಳೆ ಬಿದ್ದಾಗ ಮಾತ್ರ ಕುರಿಮಂದೆಗಳಿಗೆ ಅಷ್ಟಿಷ್ಟು ಮೇವು ದೊರೆಯುವ ಬೀಳುನೆಲವದು.

ಸಂಸ್ಕೃತದ ‘ಅರಣ್ಯ’ಶಬ್ದಕ್ಕೂ ಮೂಲದಲ್ಲಿ ಮರಗಳ ದಟ್ಟಣೆಯೇ ಅರ್ಥವಲ್ಲ. ದೂರವಾದುದು, ಪರಕೀಯವಾದುದು ಎಂಬರ್ಥವುಳ್ಳ ‘ಅರಣ’ಶಬ್ದದಿಂದ ಅದು ಬಂದಿದೆ, ವೇದಗಳಲ್ಲಿ ‘ಗ್ರಾಮ’ಕ್ಕೆ ಪ್ರತಿಯಾಗಿ ನಿಲ್ಲುವ ಹೊರನೆಲವೇ ಅರಣ್ಯ. ಆದುದರಿಂದ ಕನ್ನಡದ ಹೆಸರು ಗ್ರೀಕರ ಹೆಸರಿಗಿಂತ ಮೂಲದ ಅಭಿಪ್ರಾಯಕ್ಕೆ ಹೆಚ್ಚು ಹತ್ತಿರವಾಗಿದೆಯೆಂದು ಹೇಳಬಹುದು. ಆ ಗ್ರಂಥದ ವಿಷಯವು ಜನರ ಲೆಕ್ಕವಲ್ಲ. ತಮ್ಮದಲ್ಲದ ನೆಲದಲ್ಲಿ ಒಂದು ಜನಾಂಗವು ತನ್ನ ದೇವರನ್ನು ಹಿಂಬಾಲಿಸಿದ, ಮತ್ತು ಅನೇಕ ವೇಳೆ ಹಿಂಬಾಲಿಸಲಾರದೆ ಹೋದ ವೃತ್ತಾಂತ.

ಈ ವೃತ್ತಾಂತದಲ್ಲಿ ಚರಿತ್ರೆಗೆ ಸೇರಿದುದೆಷ್ಟು, ಅದನ್ನು ಕಾಪಾಡಿಕೊಂಡು ಬಂದ ಜನರಿಗೆ ಅದರಿಂದಾದ ಪ್ರಯೋಜನವೇನು ಎಂಬೆರಡು ವಿಷಯಗಳು ಇಲ್ಲಿ ವಿಚಾರಕ್ಕೆ ಯೋಗ್ಯವಾಗಿವೆ.

೨. ಕಥಾಶರೀರ

ಐಗುಪ್ತದೇಶದಲ್ಲಿ ಫರೋಹನ ಇಟ್ಟಿಗೆಗೆಲಸದಲ್ಲಿ ದಾಸರಾಗಿದ್ದ ಇಸ್ರಾಯೇಲ್ಯರನ್ನು ಮೋಶೆಯು ಯೆಹೋವನೆಂಬ ದೇವರ ಅಪ್ಪಣೆಯಂತೆ ಹೊರಡಿಸಿಕೊಂಡು ಬಂದನು. ಮೂರನೆಯ ತಿಂಗಳಲ್ಲಿ ಅವರು ಸೀನಾಯಿಪರ್ವತವನ್ನು ಸೇರಿದರು. ಅಲ್ಲಿ ಧರ್ಮಶಾಸನಗಳನ್ನು ಪಡೆದು, ಎರಡನೆಯ ವರ್ಷದ ಎರಡನೆಯ ತಿಂಗಳ ಇಪ್ಪತ್ತನೆಯ ದಿವಸ ಮುಂದಕ್ಕೆ ಹೊರಟರು. ಹೋರೇಬಿನಿಂದ ಕಾದೇಶ್ ಬರ್ನೇಯಕ್ಕೆ ಹನ್ನೊಂದು ದಿವಸಗಳ ಪ್ರಯಾಣವೆಂದು ಧರ್ಮೋಪದೇಶಕಾಂಡದ ಆರಂಭದಲ್ಲಿ ಹೇಳಿದೆ. ಅಲ್ಲಿಂದಾಚೆಗೆ ಕಾನಾನ್ ದೇಶದ ಎಲ್ಲೆ. ಹೀಗಿದ್ದರೂ ಯಾತ್ರೆಯು ಮುಗಿಯುವುದಕ್ಕೆ ನಲವತ್ತು ವರ್ಷಗಳು ಹಿಡಿದವು.

ಇದಕ್ಕೆ ಕಾರಣವು ದಾರಿಯ ದೂರವಲ್ಲ. ಕಾದೇಶಿನಿಂದ ಕಳುಹಿಸಲ್ಪಟ್ಟ ಹನ್ನೆರಡು ಮಂದಿ ಗೂಢಚಾರರಲ್ಲಿ ಹತ್ತು ಮಂದಿ, ಆ ದೇಶದವರು ಬಲಿಷ್ಠರೆಂದೂ ತಾವು ಅವರ ಮುಂದೆ ಮಿಡತೆಗಳಂತೆಯೆಂದೂ ವರದಿ ತಂದರು. ಜನರು ರಾತ್ರಿಯೆಲ್ಲ ಅತ್ತು, ಮತ್ತೊಬ್ಬ ನಾಯಕನನ್ನು ನೇಮಿಸಿಕೊಂಡು ಐಗುಪ್ತಕ್ಕೆ ಹಿಂದಿರುಗೋಣವೆಂದರು. ಆ ತಲೆಮಾರು ಅರಣ್ಯದಲ್ಲಿಯೇ ಮುಗಿಯಬೇಕೆಂದು ಆಜ್ಞೆಯಾಯಿತು. ಕಾದೇಶವನ್ನು ಬಿಟ್ಟು ಜೆರೆದ್ ಹಳ್ಳವನ್ನು ದಾಟುವುದರೊಳಗಾಗಿ ಮೂವತ್ತೆಂಟು ವರ್ಷಗಳು ಕಳೆದವು. ಮಿರ್ಯಾಮಳು ಕಾದೇಶಿನಲ್ಲಿಯೂ, ಆರೋನನು ಹೋರ್ ಬೆಟ್ಟದಲ್ಲಿಯೂ ತೀರಿಕೊಂಡರು. ಮೋಶೆಯು ನೆಬೋ ಶಿಖರದಿಂದ ಆ ದೇಶವನ್ನು ಕಣ್ಣಾರೆ ನೋಡಿ, ಅದರಲ್ಲಿ ಕಾಲಿಡದೆಯೇ ಮರಣವನ್ನು ಹೊಂದಿದನು. ಹೊರಟಾಗ ಗಣನೆಗೆ ಬಂದ ಪುರುಷರಲ್ಲಿ ಗುರಿಮುಟ್ಟಿದವರು ಕಾಲೇಬ, ಯೆಹೋಶುವ ಇಬ್ಬರೇ.

೩. ಪೂರ್ವಪಕ್ಷ

ಈ ಕಥೆಗೆ ಚರಿತ್ರೆಯ ಆಧಾರವೇ ಇಲ್ಲವೆಂದು ವಾದಿಸುವವರ ಯುಕ್ತಿಗಳು ಬಲವಾದವು. ಮೊದಲನೆಯ ಗಣನೆಯಲ್ಲಿ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟ, ಯುದ್ಧಯೋಗ್ಯರಾದ ಪುರುಷರೇ ೬,೦೩,೫೫೦ ಮಂದಿಯೆಂದೂ, ಕೊನೆಯ ಗಣನೆಯಲ್ಲಿ ೬,೦೧,೭೩೦ ಮಂದಿಯೆಂದೂ ಇದೆ. ಹೆಂಗಸರು ಮಕ್ಕಳು ಮುದುಕರನ್ನು ಕೂಡಿಸಿದರೆ ಇಪ್ಪತ್ತು ಲಕ್ಷವನ್ನು ಮೀರುವುದು. ಸೀನಾಯಿಯ ಬಾವಿಗಳೂ ಹುಲ್ಲುಗಾವಲುಗಳೂ ಇದರಲ್ಲಿ ಅಲ್ಪಾಂಶವನ್ನೂ ಪೋಷಿಸಲಾರವು. ‘ಸಾವಿರ’ವೆಂದು ಭಾಷಾಂತರಿಸಿರುವ ‘ಎಲೆಫ್’ ಶಬ್ದಕ್ಕೆ ಕುಲ ಅಥವಾ ಒಕ್ಕಲು ಎಂಬ ಅರ್ಥವೂ ಇರುವುದರಿಂದ, ಮೂಲದಲ್ಲಿ ಲೆಕ್ಕವು ಒಕ್ಕಲುಗಳದಾಗಿದ್ದಿತೆಂದು ಫ್ಲಿಂಡರ್ಸ್ ಪೆಟ್ರಿಯು ೧೯೦೬ರಲ್ಲಿ ಸೂಚಿಸಿದನು. ಈ ಸೂಚನೆಯಿಂದ ಸಂಖ್ಯೆಯು ಬಹಳ ತಗ್ಗುವುದಾದರೂ, ಎಲ್ಲ ತೊಡಕುಗಳೂ ಪರಿಹಾರವಾಗುವುದಿಲ್ಲ.

ಇನ್ನು ಭೂಶೋಧನೆಯ ಮಾತು. ಕಾದೇಶವೆಂದು ಬಹುಮಂದಿ ಗುರುತಿಸಿರುವ ಐನ್ ಎಲ್ ಕುದೈರಾತ್ ಎಂಬ ಊಟೆಯ ಬಳಿ ೧೯೫೬ರಲ್ಲಿಯೂ, ಅನಂತರ ೧೯೭೬ರಿಂದ ೧೯೮೨ರವರೆಗೂ ಅಗೆತಗಳು ನಡೆದವು. ಯೆಹೂದ ರಾಜ್ಯದ ಕಾಲದ ಕೋಟೆಗಳು ಹೊರಬಂದವು. ಇಸ್ರಾಯೇಲ್ಯರು ಐಗುಪ್ತವನ್ನು ಬಿಟ್ಟರೆಂದು ಸಾಮಾನ್ಯವಾಗಿ ಊಹಿಸಲಾಗುವ ಕ್ರಿ. ಪೂ. ೧೩ನೆಯ ಶತಮಾನದ ದೊಡ್ಡ ಪಾಳೆಯದ ಕುರುಹು ಅಲ್ಲಿ ದೊರೆಯಲಿಲ್ಲ. ಸೀನಾಯಿಪರ್ವತವೆಂದು ಯಾತ್ರಿಕರು ಹತ್ತುವ ಜೆಬೆಲ್ ಮೂಸಾ ಬೆಟ್ಟದ ಪ್ರಸಿದ್ಧಿಯಾದರೂ ಕ್ರಿ. ಶ. ೪ನೆಯ ಶತಮಾನದ ಕ್ರೈಸ್ತ ಸಂನ್ಯಾಸಿಗಳ ಕಾಲದಿಂದ ಈಚಿನದು. ಜರ್ಮನಿಯ ವೆಲ್ಹೌಸನ್ ಪಂಡಿತನು ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರಣ್ಯದ ಗುಡಾರದ ವರ್ಣನೆಯೆಲ್ಲ ಯೆರೂಸಲೇಮಿನ ದೇವಾಲಯವನ್ನೇ ಹಿಂದಿನ ಕಾಲಕ್ಕೆ ಆರೋಪಿಸಿದ ಕಲ್ಪನೆಯೆಂದು ವಾದಿಸಿದನು.

೪. ಸಮಾಧಾನ

ಈ ಆಕ್ಷೇಪಗಳಲ್ಲಿ ಸಂಖ್ಯೆಗೆ ಸಂಬಂಧಪಟ್ಟವನ್ನು ಒಪ್ಪಲೇಬೇಕು. ಆದರೆ ಅಷ್ಟರಿಂದಲೇ ಯಾತ್ರೆಯೆಲ್ಲವೂ ಕವಿಕಲ್ಪಿತವೆನ್ನಲಾಗದು. ಅಲೆಮಾರಿಗಳಾದ ಸಣ್ಣ ಗುಂಪುಗಳು ಡೇರೆಯ ಗೂಟಗಳನ್ನು ಕಿತ್ತುಕೊಂಡು ಹೋದ ಮೇಲೆ ಮೂರು ಸಾವಿರ ವರ್ಷ ಉಳಿಯುವ ಗುರುತೇನು? ಕುರುಹಿಲ್ಲದಿರುವುದು ದೊಡ್ಡ ಸೇನೆಗೆ ಬಾಧಕ, ಸಣ್ಣ ಗುಂಪಿಗೆ ಬಾಧಕವಲ್ಲ. ಮೇಲಾಗಿ, ಬೇರೆ ಬೇರೆ ಕಡೆಗಳಲ್ಲಿ ದೊರೆತಿರುವ ನಾಲ್ಕು ಸಾಕ್ಷ್ಯಗಳು ಇಲ್ಲಿ ಗಮನಾರ್ಹವಾಗಿವೆ.

ಮೊದಲನೆಯದು ಮೆರ್ನೆಪ್ತಾ ಫರೋಹನ ಶಿಲಾಶಾಸನ. ಇದರ ಕಾಲವು ಸುಮಾರು ಕ್ರಿ. ಪೂ. ೧೨೦೮, ಪೆಟ್ರಿಯು ೧೮೯೬ರಲ್ಲಿ ಥೀಬ್ಸ್ ನಗರದ ಅವಶೇಷಗಳಲ್ಲಿ ಇದನ್ನು ಕಂಡುಹಿಡಿದನು. ಕಾನಾನ್ ಪ್ರಾಂತದಲ್ಲಿ ಫರೋಹನು ಗೆದ್ದ ಪಟ್ಟಣಗಳೊಡನೆ ಇದರಲ್ಲಿ ಇಸ್ರಾಯೇಲಿನ ಹೆಸರಿದೆ. ಐಗುಪ್ತದ ಚಿತ್ರಲಿಪಿಯಲ್ಲಿ ಹೆಸರಿನ ಕೊನೆಗೆ ಅದರ ಜಾತಿಯನ್ನು ತಿಳಿಸುವ ಸಂಕೇತವೊಂದನ್ನು ಬರೆಯುವುದು ವಾಡಿಕೆ. ಉಳಿದ ಪಟ್ಟಣಗಳ ಹೆಸರಿಗೆ ದೇಶಸೂಚಕವಾದ ಸಂಕೇತವಿದ್ದರೆ, ಇಸ್ರಾಯೇಲಿನ ಹೆಸರಿಗೆ ಜನಸೂಚಕವಾದ ಸಂಕೇತವಿದೆ. ಇಸ್ರಾಯೇಲ್ ಎಂಬ ಹೆಸರು ಲೋಕಕ್ಕೆ ಮೊದಲು ಕಾಣಿಸಿಕೊಳ್ಳುವಾಗ, ನೆಲದ ಹೆಸರಾಗಿ ಅಲ್ಲ, ಜನರ ಹೆಸರಾಗಿ ಕಾಣಿಸಿಕೊಂಡಿದೆ.

ಎರಡನೆಯದು ದಾರಿಯ ವಿಚಾರ. ಫಿಲಿಷ್ಟಿಯರ ದೇಶದ ದಾರಿಯು ಸಮೀಪವಾಗಿದ್ದರೂ, ಜನರು ಯುದ್ಧವನ್ನು ಕಂಡು ಹಿಂದಿರುಗಿಯಾರೆಂದು ದೇವರು ಅವರನ್ನು ಆ ದಾರಿಯಲ್ಲಿ ನಡೆಸಲಿಲ್ಲವೆಂದು ವಿಮೋಚನಕಾಂಡವು ಹೇಳುತ್ತದೆ. ಒಂದನೆಯ ಸೇತಿ ಎಂಬ ಫರೋಹನು ಕಾರ್ನಾಕಿನ ದೇವಾಲಯದ ಗೋಡೆಯ ಮೇಲೆ ಈ ಸಮುದ್ರತೀರದ ದಾರಿಯನ್ನೇ, ಸಾಲಾದ ಕೋಟೆಗಳೊಡನೆಯೂ ಬಾವಿಗಳೊಡನೆಯೂ ಕೆತ್ತಿಸಿರುವನು. ಆ ಶತಮಾನದಲ್ಲಿ ಓಡಿಹೋಗುವ ದಾಸರಿಗೆ ಆ ದಾರಿಯು ಮುಚ್ಚಿದ್ದಿತೆಂಬುದು ಇದರಿಂದ ಸ್ಪಷ್ಟ.

ಮೂರನೆಯದು ದೇವರ ಹೆಸರು. ನೂಬಿಯಾದ ಸೋಲೆಬ್ ಎಂಬಲ್ಲಿ ಮೂರನೆಯ ಅಮೆನ್ಹೊಟೆಪ್ ಕಟ್ಟಿಸಿದ ದೇವಾಲಯದಲ್ಲಿ, ಎಂದರೆ ಕ್ರಿ. ಪೂ. ೧೪ನೆಯ ಶತಮಾನದಲ್ಲಿ, ಶಾಸು ಎಂಬ ಅಲೆಮಾರಿ ಕುರಿಗಾಹಿಗಳ ನೆಲಗಳನ್ನು ಹೇಳುವ ಪಟ್ಟಿಯಿದೆ. ಅವುಗಳಲ್ಲೊಂದರ ಹೆಸರು ‘ಯ್ಹ್ವ’. ಇದು ಯೆಹೋವನ ಹೆಸರೇ ಎಂದು ಅನೇಕ ವಿದ್ವಾಂಸರು ಭಾವಿಸಿರುವರು. ಆ ದೇವರ ಹೆಸರು ಪಟ್ಟಣಗಳಿಗಿಂತ ಮೊದಲು ಅಲೆಮಾರಿಗಳ ನಡುವೆ ಕೇಳಿಬರುವುದು ಕಥೆಗೆ ಅನುಗುಣವಾಗಿದೆ.

ನಾಲ್ಕನೆಯದು ಅಕಾಬಾ ಕೊಲ್ಲಿಯ ಉತ್ತರಕ್ಕಿರುವ ತಿಮ್ನಾ ಎಂಬ ತಾಮ್ರದ ಗಣಿಗಳ ಸ್ಥಳ. ಇಲ್ಲಿ ೧೯೬೯ರಲ್ಲಿ ಬೆನೊ ರೋಥೆನ್‌ಬರ್ಗ್ ಎಂಬ ಶೋಧಕನು ಒಂದು ಸಣ್ಣ ಗುಡಿಯನ್ನು ಅಗೆದು ತೆಗೆದನು. ಅದು ಮೊದಲು ಐಗುಪ್ತದ ಹಾಥೋರ್ ದೇವಿಯದು. ಐಗುಪ್ತದವರು ಹೊರಟುಹೋದ ಮೇಲೆ, ಕ್ರಿ. ಪೂ. ೧೨ನೆಯ ಶತಮಾನದಲ್ಲಿ, ಮಿದ್ಯಾನ್ಯರು ದೇವಿಯ ಮುಖಶಿಲ್ಪಗಳನ್ನು ಕೆಡಿಸಿ, ಅದರ ಮೇಲೆ ಬಟ್ಟೆಯ ಗುಡಾರವನ್ನು ಹೊದಿಸಿದ್ದರು. ಕೆಂಪು ಹಳದಿ ಬಣ್ಣದ ಉಣ್ಣೆಬಟ್ಟೆಯ ತುಣುಕುಗಳು ಗೋಡೆಯ ಬದಿಯಲ್ಲಿ ಬಿದ್ದಿದ್ದವು. ತಲೆಗೆ ಚಿನ್ನದ ಲೇಪವುಳ್ಳ ತಾಮ್ರದ ಸರ್ಪವೊಂದೂ ಅಲ್ಲಿ ಸಿಕ್ಕಿತು. ಮೋಶೆಯ ಮಾವನು ಮಿದ್ಯಾನ್ಯರ ಯಾಜಕನೆಂಬುದನ್ನೂ, ಅರಣ್ಯಕಾಂಡದಲ್ಲಿ ತಾಮ್ರಸರ್ಪದ ಕಥೆಯಿರುವುದನ್ನೂ ಇಲ್ಲಿ ನೆನೆಯಬೇಕು. ಇದು ಮೋಶೆಯ ಗುಡಾರವೆಂದು ಯಾರೂ ಹೇಳಲಾರರು. ಆದರೆ ಗುಡಾರರೂಪವಾದ ದೇವಸ್ಥಾನವು ಆ ಕಾಲದಲ್ಲಿ, ಆ ಪ್ರಾಂತದಲ್ಲಿ ಅಸಂಭವವಲ್ಲವೆಂಬುದು ಇದರಿಂದ ಸಿದ್ಧವಾಗುವುದು.

ಇವೆಲ್ಲಕ್ಕೂ ಮಿಗಿಲಾದ ಯುಕ್ತಿ ಮತ್ತೊಂದಿದೆ. ತಮ್ಮ ಪೂರ್ವಜರನ್ನು ದೇವಪುತ್ರರೆಂದೋ ಚಕ್ರವರ್ತಿಗಳೆಂದೋ ವರ್ಣಿಸಿಕೊಳ್ಳುವುದು ಲೋಕದ ರೂಢಿ. ಈ ಜನಾಂಗವೊಂದೇ, ತಾವು ಪರರ ಇಟ್ಟಿಗೆಯಾಳುಗಳಾಗಿದ್ದೆವೆಂದೂ, ಬಿಡುಗಡೆಯಾದ ಮೇಲೂ ಗುಣುಗುಟ್ಟುತ್ತ ದಾಸ್ಯವನ್ನೇ ಬಯಸಿದೆವೆಂದೂ ಬರೆದಿಟ್ಟುಕೊಂಡಿತು. ಗೌರವವನ್ನು ತರದ ಇಂಥ ಸ್ಮೃತಿಯನ್ನು ಕಾರಣವಿಲ್ಲದೆ ಯಾವ ಜನರೂ ಹುಟ್ಟಿಸಿಕೊಳ್ಳುವುದಿಲ್ಲ.

೫. ಹಿಂಬಾಲಿಸುವಿಕೆಯ ವಿಧಾನ

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತಾ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಭಾರತೀಯ ಶಾಸ್ತ್ರಕಾರರು ಹೇಳಿರುವರು. ಪರಮತದ ಗ್ರಂಥಕ್ಕೂ ಈ ಅಳತೆಗೋಲು ಸಲ್ಲುವುದರಲ್ಲಿ ಬಾಧಕವಿಲ್ಲ. ಇವುಗಳಲ್ಲಿ ಅಭ್ಯಾಸ, ಅಪೂರ್ವತಾ, ಫಲ ಎಂಬ ಮೂರರಿಂದಲೇ ಪ್ರಕೃತದ ನಿರ್ಣಯವು ಸಾಧ್ಯವಾಗುವುದು.

ಅಭ್ಯಾಸವೆಂದರೆ ಪುನಃ ಪುನಃ ಹೇಳುವುದು. ಅರಣ್ಯಕಾಂಡದ ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ, ಗುಡಾರದ ಮೇಲೆ ನಿಂತ ಮೇಘದ ವಿಷಯವಿದೆ. ಮೇಘವು ಎದ್ದಾಗ ಜನರು ಹೊರಡುವರು, ನಿಂತಾಗ ಇಳಿದುಕೊಳ್ಳುವರು. ಅದು ಒಂದು ರಾತ್ರಿ ನಿಂತರೂ, ಎರಡು ದಿವಸ ನಿಂತರೂ, ತಿಂಗಳುಗಟ್ಟಲೆ ನಿಂತರೂ ಅವರ ನಡೆ ಹಾಗೆಯೇ. ‘ಯೆಹೋವನ ಅಪ್ಪಣೆಯ ಮೇರೆಗೆ’ ಎಂಬರ್ಥದ ಪದಗುಚ್ಛವು ಮೂಲದ ಕೊನೆಯ ಆರು ವಚನಗಳಲ್ಲಿ ಏಳು ಸಲ ಬಂದಿದೆ. ಹೊರಡುವುದು ಮಾತ್ರವಲ್ಲ, ನಿಲ್ಲುವುದೂ ಆಜ್ಞೆಯೇ. ನಡೆಯುವ ಉತ್ಸಾಹದಷ್ಟೇ ಕಾದಿರುವ ತಾಳ್ಮೆಯೂ ಭಕ್ತಿಯ ಅಂಗವೆಂಬುದು ಈ ಆವೃತ್ತಿಯ ಅಭಿಪ್ರಾಯ.

ಮನ್ನ ಎಂಬ ಆಹಾರದ ಕಥೆಯಲ್ಲಿಯೂ ಇದೇ ಶಿಕ್ಷಣವಿದೆ. ಪ್ರತಿದಿನವೂ ತಲೆಗೆ ಒಂದು ಓಮೆರ್ ಅಳತೆಯಷ್ಟೇ ಕೂಡಿಸಬೇಕು. ಮಾರನೆಯ ದಿನಕ್ಕೆಂದು ಇಟ್ಟುಕೊಂಡದ್ದು ಹುಳುಬಿದ್ದು ನಾರುವುದು. ಆರನೆಯ ದಿನ ಮಾತ್ರ, ಸಬ್ಬತ್ತಿನ ವಿಶ್ರಾಂತಿಗಾಗಿ, ಎರಡರಷ್ಟು. ಯೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಬೋಡೆನ್‌ಹೈಮರ್ ಎಂಬ ಕೀಟಶಾಸ್ತ್ರಜ್ಞನು ೧೯೨೭ರಲ್ಲಿ ಸೀನಾಯಿಗೆ ಹೋಗಿ, ಅಲ್ಲಿನ ತಾಮರಿಸ್ಕ್ ಗಿಡಗಳ ರಸವನ್ನು ಹೀರುವ ಸಣ್ಣ ಕೀಟಗಳು ಸ್ರವಿಸುವ ಸಿಹಿಯಾದ ಹರಳುಗಳೇ ಮನ್ನವಿರಬೇಕೆಂದು ನಿರೂಪಿಸಿದನು. ವಸ್ತುವು ಯಾವುದಾದರೂ ಆಗಲಿ. ಕಥೆಯು ಅದರ ಅದ್ಭುತವನ್ನು ಹೇಳುವುದಕ್ಕಿಂತ, ಕಣಜವಿಲ್ಲದೆ ಬದುಕುವುದನ್ನು ಕಲಿಸುವುದರಲ್ಲಿ ಹೆಚ್ಚು ಲಕ್ಷ್ಯವಿಟ್ಟಿದೆ. ಐಗುಪ್ತದಲ್ಲಿ ದಾಸರು ಫರೋಹನ ಉಗ್ರಾಣಪಟ್ಟಣಗಳನ್ನೇ ಕಟ್ಟಿದವರಲ್ಲವೆ?

ಇನ್ನು ಅಪೂರ್ವತೆ. ಪ್ರಾಚೀನ ಪಶ್ಚಿಮ ಏಷ್ಯಾದಲ್ಲಿ ದೇವತೆಗಳು ಆಯಾ ಪಟ್ಟಣಗಳ ಒಡೆಯರು. ಪಟ್ಟಣವು ಬಿದ್ದರೆ ವಿಗ್ರಹವು ಸೆರೆಯಾಗುತ್ತಿದ್ದಿತು. ಬಾಬೆಲಿನ ಮರ್ದುಕನ ವಿಗ್ರಹವನ್ನೇ ಏಲಾಮಿನ ಅರಸರು ಕೊಂಡೊಯ್ದಿದ್ದರು. ಅದನ್ನು ಬಿಡಿಸಿ ತರುವುದಕ್ಕೆ ಒಂದನೆಯ ನೆಬುಕದ್ನೆಚ್ಚರನು ದಂಡೆತ್ತಿ ಹೋಗಬೇಕಾಯಿತು. ಅರಣ್ಯದ ದೇವರಿಗಾದರೋ ವಿಗ್ರಹವಿಲ್ಲ, ಊರಿಲ್ಲ. ಆತನ ಗುಡಾರವು ಜಾಲಿಯ ಮರದ ಚೌಕಟ್ಟುಗಳದು. ಮೇಲೆ ಆಡಿನ ಕೂದಲಿನ ಬಟ್ಟೆ. ಚೌಕಟ್ಟು ಬಟ್ಟೆಗಳನ್ನು ಹೊರುವುದಕ್ಕೆ ಆರು ಬಂಡಿಗಳನ್ನು ಲೇವಿಯರ ಎರಡು ಗೋತ್ರಗಳಿಗೆ ಹಂಚಿದ್ದರು. ಕೆಹಾತ್ಯರೆಂಬ ಮೂರನೆಯ ಗೋತ್ರದವರಿಗೆ ಬಂಡಿಯಿಲ್ಲ, ಅವರು ಪವಿತ್ರವಸ್ತುಗಳನ್ನು ಹೆಗಲ ಮೇಲೆಯೇ ಹೊರಬೇಕು.

ಇವುಗಳಲ್ಲಿ ಅತ್ಯಂತ ಗಮನಾರ್ಹವಾದುದು ಮಂಜೂಷದ ವಿಧಿ. ಧರ್ಮಶಾಸನಗಳನ್ನಿಟ್ಟಿದ್ದ ಆ ಪೆಟ್ಟಿಗೆಯ ಬಳೆಗಳಲ್ಲಿ ಹೊರುವ ಕೋಲುಗಳನ್ನು ಸೇರಿಸಿ, ಅವುಗಳನ್ನು ಎಂದಿಗೂ ತೆಗೆಯಕೂಡದೆಂದು ವಿಮೋಚನಕಾಂಡದಲ್ಲಿ ವಿಧಿಸಿದೆ. ಬಲಿಪೀಠಕ್ಕೂ ಮೇಜಿಗೂ ಕೋಲುಗಳುಂಟು. ಆದರೆ ತೆಗೆಯಕೂಡದೆಂಬ ನಿಷೇಧವು ಮಂಜೂಷಕ್ಕೆ ಮಾತ್ರ. ಮುಂದೆ ಸೊಲೊಮೋನನು ಕಲ್ಲಿನ ದೇವಾಲಯವನ್ನು ಕಟ್ಟಿ, ಮಂಜೂಷವನ್ನು ಗರ್ಭಗೃಹದಲ್ಲಿ ಇರಿಸಿದಾಗಲೂ ಕೋಲುಗಳು ಅದರಲ್ಲಿಯೇ ಇದ್ದವೆಂದೂ, ಅವುಗಳ ತುದಿಗಳು ಗರ್ಭಗೃಹದ ಮುಂದಿನಿಂದ ಕಾಣುತ್ತಿದ್ದವೆಂದೂ ಅರಸುಗಳ ಚರಿತ್ರೆಯು ಹೇಳುತ್ತದೆ. ನೆಲೆನಿಂತ ಮೇಲೆ ಹೊರುವ ಕೋಲುಗಳಿಗೇನು ಪ್ರಯೋಜನ? ದೇವರು ಇಲ್ಲಿಗೆ ಬಂದನು, ಇಲ್ಲಿಯೇ ಕಟ್ಟಿಬಿದ್ದಿಲ್ಲ, ಮತ್ತೆ ಹೊರಟರೂ ಹೊರಟಾನು ಎಂಬುದೇ ಅದರ ಅಭಿಪ್ರಾಯವೆಂದು ಊಹಿಸುವುದು ಯುಕ್ತ. ದಾವೀದನು ದೇವಾಲಯವನ್ನು ಕಟ್ಟಬಯಸಿದಾಗ, ತಾನು ಗುಡಾರದಲ್ಲಿಯೇ ಸಂಚರಿಸುತ್ತ ಬಂದೆನಲ್ಲದೆ ಮನೆಯನ್ನು ಎಂದೂ ಕೇಳಲಿಲ್ಲವೆಂದು ನಾತಾನ ಪ್ರವಾದಿಯ ಮುಖದಿಂದ ದೇವರು ಉತ್ತರ ಕೊಟ್ಟುದೂ ಇದಕ್ಕೆ ಸಂವಾದಿಯಾಗಿದೆ.

೬. ಎರಡು ಸ್ಮೃತಿಗಳು

ಅರಣ್ಯವಾಸವನ್ನು ಮುಂದಿನ ಪ್ರವಾದಿಗಳು ಒಂದೇ ದೃಷ್ಟಿಯಿಂದ ನೋಡಲಿಲ್ಲ. ಕ್ರಿ. ಪೂ. ೮ನೆಯ ಶತಮಾನದ ಹೋಶೇಯನಿಗೂ, ಅನಂತರದ ಯೆರೆಮೀಯನಿಗೂ ಅದು ನವವಧುವಿನ ಪ್ರೀತಿಯ ಕಾಲ; ಬಿತ್ತನೆಯಿಲ್ಲದ ನೆಲದಲ್ಲಿ ಜನಾಂಗವು ದೇವರ ಹಿಂದೆ ನಡೆದುದನ್ನು ಯೆರೆಮೀಯನು ಸ್ಮರಿಸುವನು. ಅವನ ಕಾಲದಲ್ಲಿ ರೇಕಾಬ್ಯರೆಂಬ ಪಂಗಡದವರು ಮನೆ ಕಟ್ಟದೆ, ದ್ರಾಕ್ಷಾರಸ ಕುಡಿಯದೆ, ಡೇರೆಗಳಲ್ಲಿಯೇ ಬಾಳುತ್ತ ಆ ವ್ರತವನ್ನು ಉಳಿಸಿಕೊಂಡಿದ್ದರು. ಯೆಹೆಜ್ಕೇಲನಿಗಾದರೋ ಅದು ಆದಿಯಿಂದ ಅಂತ್ಯದವರೆಗೆ ಪ್ರತಿಭಟನೆಯ ಕಾಲ.

ಅರಣ್ಯಕಾಂಡವು ಈ ಎರಡನ್ನೂ ಬಿಡಲಿಲ್ಲ. ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅಳುವ ಜನರನ್ನು ಅದು ಮುಚ್ಚುಮರೆಯಿಲ್ಲದೆ ಚಿತ್ರಿಸಿದೆ. ದಾಸ್ಯದ ಊಟವು ನೆನಪಿನಲ್ಲಿ ರುಚಿಯಾಗುವುದು, ಏಟುಗಳು ಮರೆತುಹೋಗುವುದು ಮನುಷ್ಯಸ್ವಭಾವ. ಈ ಭಾರವನ್ನು ತಾನೊಬ್ಬನೇ ಹೊರಲಾರೆನು, ಹೀಗಾದರೆ ತನ್ನನ್ನು ಕೊಂದುಬಿಡು ಎಂದು ಮೋಶೆಯೇ ಮೊರೆಯಿಟ್ಟುದೂ ಅಲ್ಲಿಯೇ ಇದೆ. ಹಿಂಬಾಲಿಸಿದವರು ದೃಢಚಿತ್ತರಾದ ವೀರರೆಂದು ಗ್ರಂಥವು ಹೇಳುವುದಿಲ್ಲ. ಅವರು ಬಿದ್ದರು, ದಂಡನೆಗೆ ಗುರಿಯಾದರು. ಆದರೂ ಮರುದಿನ ಬೆಳಿಗ್ಗೆ ಮನ್ನವು ಬಿದ್ದಿತು, ಮೇಘವು ಬಿಟ್ಟುಹೋಗಲಿಲ್ಲ ಎಂಬುದೇ ಅದರ ಕಥನಕ್ರಮ. ಹೊನ್ನಿನ ಕರುವಿನ ಅಪರಾಧವಾದ ಮೇಲೆ, ದೇವರು ಜೊತೆಗೆ ಬಾರದಿದ್ದರೆ ತಮ್ಮನ್ನು ಇಲ್ಲಿಂದ ಕರೆದೊಯ್ಯಲೇ ಬೇಡವೆಂದು ಮೋಶೆಯು ಕೇಳಿಕೊಂಡನು. ದೇಶಕ್ಕಿಂತ ಸಾನ್ನಿಧ್ಯವೇ ದೊಡ್ಡದೆಂಬ ನಿರ್ಣಯವು ಈ ಪ್ರಾರ್ಥನೆಯಲ್ಲಿದೆ.

೭. ಫಲ

ಈ ಸ್ಮೃತಿಯ ಪರೀಕ್ಷೆಯು ಕ್ರಿ. ಪೂ. ೫೮೬ರಲ್ಲಿ ಬಂದಿತು. ಬಾಬೆಲಿನ ಎರಡನೆಯ ನೆಬುಕದ್ನೆಚ್ಚರನ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಸುಟ್ಟು, ಅರಸನನ್ನೂ ಜನರಲ್ಲಿ ಮುಖ್ಯರಾದವರನ್ನೂ ಸೆರೆಯೊಯ್ದಿತು. ನೆಲವೂ, ಸಿಂಹಾಸನವೂ, ದೇವಾಲಯವೂ ಒಟ್ಟಿಗೆ ಹೋದವು. ಅಂದಿನ ಲೋಕನ್ಯಾಯದಂತೆ ಯೆಹೋವನು ಸೋತ ದೇವರು. ಆತನ ಜನರು ಗೆದ್ದವರ ದೇವರನ್ನು ಪೂಜಿಸುತ್ತ ಅವರಲ್ಲಿ ಕರಗಿಹೋಗಬೇಕಾದವರು. ಆ ಕಾಲದಲ್ಲಿ ಹಾಗೆ ಕರಗಿಹೋದ ಜನಾಂಗಗಳು ಹಲವು.

ಇವರು ಕರಗಲಿಲ್ಲ. ಮೊದಲನೆಯ ಸೆರೆಯಲ್ಲಿಯೇ ಬಾಬೆಲಿಗೆ ಹೋಗಿದ್ದ ಯೆಹೆಜ್ಕೇಲನು ಕ್ರಿ. ಪೂ. ೫೯೩ರಲ್ಲಿ ಕೆಬಾರ್ ನದಿಯ ತೀರದಲ್ಲಿ ಒಂದು ದರ್ಶನವನ್ನು ಕಂಡನು. ಅದರಲ್ಲಿ ದೇವರ ಸಿಂಹಾಸನಕ್ಕೆ ಚಕ್ರಗಳಿದ್ದವು. ಮಂಜೂಷದ ಕೋಲುಗಳು ಹೇಳುತ್ತಿದ್ದುದನ್ನೇ ಈ ಚಕ್ರಗಳೂ ಹೇಳಿದವು: ದೇವರು ಸೆರೆಯವರೊಡನೆ ಪರದೇಶಕ್ಕೂ ಬರಬಲ್ಲನು. ಐದು ಕಾಂಡಗಳ ಪ್ರಾಚೀನ ಸಂಪ್ರದಾಯಗಳನ್ನು ಕೂಡಿಸಿ ಈಗಿನ ರೂಪಕ್ಕೆ ತಂದುದು ಸೆರೆವಾಸದಲ್ಲಿಯೂ ಅದರ ತರುವಾಯದಲ್ಲಿಯೂ ಎಂಬುದು ವಿಮರ್ಶಕರಲ್ಲಿ ಬಹುಸಂಮತವಾದ ಅಭಿಪ್ರಾಯ. ಗುಡಾರದ ವರ್ಣನೆಯಲ್ಲಿ ದೇವಾಲಯದ ನೆರಳಿದೆಯೆಂಬ ವೆಲ್ಹೌಸನ್ನನ ಮಾತನ್ನು ಈ ದೃಷ್ಟಿಯಿಂದ ನೋಡಿದರೆ, ಅದು ಆಕ್ಷೇಪವಾಗಿ ಉಳಿಯದೆ ವಿವರಣೆಯಾಗುವುದು. ದೇವಾಲಯವನ್ನು ಕಳೆದುಕೊಂಡ ಯಾಜಕರು, ಹಳೆಯ ಗುಡಾರದ ಸ್ಮೃತಿಯನ್ನು ಅಷ್ಟು ಸೂಕ್ಷ್ಮವಾಗಿ, ಮೊಳಮೊಳವಾಗಿ ಬರೆದಿಟ್ಟರು. ಏಕೆಂದರೆ ಗುಡಾರವು ಸುಟ್ಟುಹೋದ ಸ್ಥಳದಲ್ಲಿಯೇ ನಿಲ್ಲಬೇಕೆಂಬ ನಿಯಮವಿಲ್ಲ.

ಕೋರೆಷನು ಕ್ರಿ. ಪೂ. ೫೩೯ರಲ್ಲಿ ಬಾಬೆಲನ್ನು ಗೆದ್ದ ಮೇಲೆ ಸೆರೆಯವರಲ್ಲಿ ಒಂದು ಭಾಗವು ಹಿಂದಿರುಗಿತು. ಅವರ ಪ್ರವಾದಿಯು ಆ ಪ್ರಯಾಣವನ್ನು ಅರಣ್ಯದಲ್ಲಿ ದೇವರಿಗೆ ದಾರಿಮಾಡುವುದೆಂದೇ ವರ್ಣಿಸಿದನು. ಎರಡನೆಯ ದೇವಾಲಯವು ಕ್ರಿ. ಪೂ. ೫೧೫ರಲ್ಲಿ ಮುಗಿಯಿತು, ಅದರ ಗರ್ಭಗೃಹದಲ್ಲಿ ಮಂಜೂಷವಿರಲಿಲ್ಲ. ಆ ದೇವಾಲಯವನ್ನೂ ಕ್ರಿ. ಶ. ೭೦ರಲ್ಲಿ ರೋಮಿನವರು ಕೆಡವಿದರು. ಆದರೂ ಯೆಹೂದ್ಯರು ಪ್ರತಿವರ್ಷ ಶರತ್ಕಾಲದಲ್ಲಿ ಏಳು ದಿನ ಸೊಪ್ಪುಸದೆಗಳ ಗುಡಿಸಲುಗಳನ್ನು ಕಟ್ಟಿ, ಅದರಲ್ಲಿ ಕುಳಿತು ಊಟಮಾಡುವುದನ್ನು ಇಂದಿಗೂ ಬಿಟ್ಟಿಲ್ಲ. ಐಗುಪ್ತದಿಂದ ಬಂದ ಪೂರ್ವಜರ ವಾಸವನ್ನು ಮುಂದಿನ ಸಂತತಿಯು ತಿಳಿಯಬೇಕೆಂದು ಯಾಜಕಕಾಂಡವು ಇದಕ್ಕೆ ಕಾರಣವನ್ನು ಹೇಳಿದೆ. ಕನ್ನಡ ಬೈಬಲ್ಲಿನಲ್ಲಿ ಇದರ ಹೆಸರು ‘ಪರ್ಣಶಾಲೆಗಳ ಜಾತ್ರೆ’. ಕಲ್ಲಿನ ಮನೆಯುಳ್ಳವನೂ ಆ ಏಳು ದಿನ ಪರ್ಣಶಾಲೆಗೆ ಇಳಿಯಬೇಕು. ಅದರ ಮಾಡಿನ ಸಂದಿಯಿಂದ ಆಕಾಶವು ಕಾಣುತ್ತಿರಬೇಕೆಂಬುದು ಅವರ ಸಂಪ್ರದಾಯ.

ಇಷ್ಟರಿಂದ ನಿಷ್ಕರ್ಷೆಯಾಗುವುದೇನೆಂದರೆ: ಅರಣ್ಯಯಾತ್ರೆಯ ಸಂಖ್ಯೆಗಳನ್ನು ಅಕ್ಷರಶಃ ಗ್ರಹಿಸಲಾಗದು, ಅದರ ಸ್ಥಳಗಳಲ್ಲಿ ಕೆಲವು ನಿಶ್ಚಿತವಲ್ಲ, ಆದರೆ ದಾಸ್ಯದಿಂದ ಹೊರಟು ಗುಡಾರದ ದೇವರೊಡನೆ ಅಲೆದ ಜನರ ಸ್ಮೃತಿಯು ನಿರ್ಮೂಲವಾದುದಲ್ಲ. ಆ ಸ್ಮೃತಿಯು ಕೇವಲ ಗತಕಾಲದ ಹೊಗಳಿಕೆಯಾಗಿದ್ದರೆ ದೇವಾಲಯದೊಡನೆಯೇ ಸುಟ್ಟುಹೋಗುತ್ತಿದ್ದಿತು. ತಮ್ಮ ಪೂರ್ವಜರ ದೌರ್ಬಲ್ಯವನ್ನೂ, ದೇವರ ಸಂಚಾರವನ್ನೂ ಒಟ್ಟಿಗೆ ಹೇಳಿದುದರಿಂದಲೇ ಅದು ಸೋತವರ ಕೈಹಿಡಿಯಿತು. ಹನ್ನೊಂದು ದಿನದ ದಾರಿಯನ್ನು ನಲವತ್ತು ವರ್ಷ ನಡೆದವರ ಕಥೆಯು, ಬಾಬೆಲಿನಲ್ಲಿ ದಾರಿಯೇ ಕಾಣದೆ ಕುಳಿತಿದ್ದ ಅವರ ಸಂತತಿಗೆ ದಾರಿಯಾಯಿತು.